ಪೈಪಣ್ಣನ ಕ್ಯೂ ಪೆಟ್ಟಿಗೆ

ಅಂಗಡಿಯವನು ಮೂರು ಥರದ ಚೀಲಗಳನ್ನು ಗಾಜಿನ ಮೇಜಿನ ಮೇಲೆ ಹರಡಿ, ಇವುಗಳಲ್ಲಿ ಯಾವುದನ್ನು ಒಯ್ದರೂ ಮೊಮ್ಮಕ್ಕಳ ಕಾಲದವರೆಗೆ ಬಾಳುತ್ತದೆ ಎಂದ. ಆ ಮಾತು ಕೇಳಿಯೇ ಪೈಪಣ್ಣನಿಗೆ ಅನುಮಾನ ಹುಟ್ಟಿತು. ಮೂವತ್ತೆಂಟು ವರ್ಷದಿಂದ ಊರವರ ಮನೆಗಳ ನಲ್ಲಿ, ಪೈಪು, ಸಿಂಕು ರಿಪೇರಿ ಮಾಡಿಕೊಂಡು ಬಂದವನು ಅವನು. ಮೊಮ್ಮಕ್ಕಳ ಕಾಲದವರೆಗೆ ಎಂದು ಹೇಳಿ ಮಾರಿದ ಎಷ್ಟು ನಲ್ಲಿಗಳನ್ನು ಮೂರನೇ ತಿಂಗಳಿಗೇ ಬಿಚ್ಚಿ ಬಿಸಾಡಿದ್ದಾನೋ ಅವನಿಗೇ ನೆನಪಿಲ್ಲ.

ಚೀಲ ಬೇಕಾಗಿದ್ದದ್ದು ಅವನಿಗಲ್ಲ, ಮಗಳಿಗೆ. ಮಗಳು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಸಂಜೆ ಕೆಲಸ ಮುಗಿದರೆ ಅದೇ ಕಟ್ಟಡದ ಮೇಲಿನ ಮಹಡಿಗೆ ಹತ್ತಿ ಪೂಲ್ ಆಡುತ್ತಿದ್ದಳು. ಹಸಿರು ಬಟ್ಟೆ ಹೊದೆಸಿದ ದೊಡ್ಡ ಮೇಜು, ಅದರ ಅಂಚಿಗೆ ಆರು ತೂತು, ಬಣ್ಣಬಣ್ಣದ ಚೆಂಡುಗಳು, ಆ ಚೆಂಡುಗಳನ್ನು ತೂತಿಗೆ ತಳ್ಳಲು ಒಂದು ಉದ್ದನೆಯ ಕೋಲು. ಆ ಕೋಲಿಗೆ ಕ್ಯೂ ಎನ್ನುತ್ತಾರೆ ಎಂದು ಮಗಳು ನೂರು ಸಲ ಹೇಳಿದರೂ ಪೈಪಣ್ಣನ ಬಾಯಲ್ಲಿ ಅದು ಕೋಲೇ. ಬರುವ ಶನಿವಾರ ಬೇರೆ ಊರಿನಲ್ಲಿ ಪಂದ್ಯವಿತ್ತು. ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿ. ಅಷ್ಟು ದೊಡ್ಡ ಪಂದ್ಯಕ್ಕೆ ಅವಳು ಆಯ್ಕೆಯಾಗಿದ್ದು ಇದೇ ಮೊದಲು. ಇಲ್ಲಿಯವರೆಗೆ ಕೋಲನ್ನು ಎರಡು ತುಂಡಾಗಿ ಬಿಚ್ಚಿ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಓಡಾಡುತ್ತಿದ್ದಳು. ಬಸ್ಸಿನ ಪ್ರಯಾಣಕ್ಕೆ ಟವೆಲು ಸಾಲದು.

ಪೈಪಣ್ಣ ಮೊದಲು ಬಟ್ಟೆಯ ಚೀಲ ಎತ್ತಿಕೊಂಡ. ಜಿಪ್ಪು ಎಳೆದ, ಮುಚ್ಚಿದ, ಮತ್ತೆ ಎಳೆದ. "ಇದರ ಹಲ್ಲು ಈಗ್ಲೇ ಅಲ್ಲಾಡ್ತಿದೆ," ಎಂದು ಪಕ್ಕಕ್ಕಿಟ್ಟ. ಎರಡನೆಯದು ತೊಗಲಿನಂತೆ ಕಾಣುವ ದುಂಡನೆಯ ಕೊಳವೆ. ಅದರ ಮುಚ್ಚಳ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಬೆರಳಿನ ಗೆಣ್ಣಿನಿಂದ ಹೊರಗೆ ತಟ್ಟಿದ.

"ಒಂದು ಚೊಂಬು ನೀರು ಕೊಡ್ತೀರಾ?"

"ಕುಡಿಯೋಕಾ ಸಾರ್?"

"ಅಲ್ಲ, ಇದಕ್ಕೆ ಹುಯ್ಯೋಕೆ. ಸೋರತ್ತೋ ಇಲ್ವೋ ನೋಡೋಣ."

ಅಂಗಡಿಯವನು ಮಗಳ ಮುಖ ನೋಡಿದ. ಮಗಳು ಚಾವಣಿಯ ಫ್ಯಾನು ನೋಡಿದಳು.

"ಸಾರ್, ಇದ್ರಲ್ಲಿ ಯಾರೂ ನೀರು ತುಂಬ್ಕೊಂಡು ಹೋಗಲ್ಲ."

"ಒಳಗಿನ ನೀರು ಹೊರಗೆ ಬರೋವಷ್ಟು ಸಂದಿ ಇದ್ರೆ, ಹೊರಗಿನ ನೀರು ಒಳಗೂ ಹೋಗತ್ತೆ. ನೀರಿಗೆ ಹೋಗೋದು ಬರೋದು ಎರಡೂ ಒಂದೇ," ಎಂದ ಪೈಪಣ್ಣ. ಇದು ಅವನು ಗಿರಾಕಿಗಳಿಗೆ ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು. ಅಂಗಡಿಯವನು ನೀರು ತರಲಿಲ್ಲ.

ಮೂರನೆಯದು ಪೆಟ್ಟಿಗೆ. ಮೂಲೆಗಳಿಗೆ ತಗಡು ಹೊಡೆದಿತ್ತು, ಒಳಗೆ ನೀಲಿ ಮಖಮಲ್ಲು, ಎರಡು ತುಂಡುಗಳಿಗೂ ಬೇರೆಬೇರೆ ಹಳ್ಳ. ಮಗಳ ಕೈ ಆಗಲೇ ಅದರ ಮೇಲಿತ್ತು. ಅವಳು ಏನನ್ನಾದರೂ ಇಷ್ಟಪಟ್ಟರೆ ಬಾಯಿಬಿಟ್ಟು ಹೇಳುವವಳಲ್ಲ, ಸುಮ್ಮನೆ ಅದರ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಮೂರು ವರ್ಷದವಳಿದ್ದಾಗಲೂ ಹಾಗೆಯೇ. ಪೈಪಣ್ಣ ಇದನ್ನು ಕಂಡ, ಕಂಡರೂ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು ಕೀಲುಗಳನ್ನು ಉಗುರಿನಿಂದ ಮೀಟಿದ.

"ತಗಡು ತೆಳು. ಬಸ್ಸಿನವನು ಮೇಲಿಂದ ಒಂದು ಮೂಟೆ ಎಸೆದ್ರೆ ಇದು ಅಪ್ಪಚ್ಚಿ. ಬಿಡು ಮರಿ, ನಾನೇ ಮಾಡ್ಕೊಡ್ತೀನಿ. ಪೈಪಲ್ಲಿ. ಆನೆ ಹತ್ತಿ ನಿಂತ್ರೂ ಏನೂ ಆಗ್ಬಾರ್ದು, ಹಂಗೆ."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಪೆಟ್ಟಿಗೆಯ ಮೇಲಿಂದ ಕೈ ತೆಗೆದಳು.

"ಸರಿ ಅಪ್ಪ," ಎಂದಳು.

ಆ ಎರಡು ಮಾತು ಪೈಪಣ್ಣನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು. ಕಾರಣ ಇತ್ತು. ಎರಡು ವರ್ಷದ ಹಿಂದೆ ಅವಳು ಒಂದೊಂದೇ ತಿಂಗಳು ಸಂಬಳದಲ್ಲಿ ಉಳಿಸಿ ತನ್ನ ಮೊದಲ ಕೋಲು ತಂದಿದ್ದಳು. ಒಂದು ದಿನ ಅದು ನಡುಮನೆಯ ಬಾಗಿಲಿಗೆ ಒರಗಿದ್ದದ್ದನ್ನು ಕಂಡು, ಯಾರಾದರೂ ಎಡವಿಯಾರು ಎಂದು ಪೈಪಣ್ಣನೇ ಎತ್ತಿ ಬಚ್ಚಲಿನ ಗೀಸರಿನ ಪಕ್ಕ, ಬಿಸಿನೀರಿನ ಪೈಪಿಗೆ ಒರಗಿಸಿ ಇಟ್ಟ. ಇಟ್ಟವನು ಮರೆತ. ನಾಲ್ಕು ದಿನ ಕಳೆದು ತೆಗೆದಾಗ ಕೋಲು ಬಿಲ್ಲಿನ ಹಾಗೆ ಬಾಗಿತ್ತು. ಮಗಳು ಅದನ್ನು ಮೇಜಿನ ಮೇಲೆ ಉರುಳಿಸಿ ನೋಡಿದಳು. ಅದು ಕುಂಟುತ್ತ ಉರುಳಿತು. ಅವಳು ಬಯ್ಯಲಿಲ್ಲ, ಅಳಲಿಲ್ಲ, ಕೋಲನ್ನು ಅಟ್ಟದ ಮೇಲಿಟ್ಟು ಕೆಲಸಕ್ಕೆ ಹೋದಳು. ಮತ್ತೆ ತಿಂಗಳು ತಿಂಗಳು ಉಳಿಸಿ ಈಗಿನ ಕೋಲು ತಂದಳು. ಬೈದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತು ಎಂದು ಪೈಪಣ್ಣ ಈಗಲೂ ಅಂದುಕೊಳ್ಳುತ್ತಾನೆ. ಆ ಮೌನ ಎರಡು ವರ್ಷದಿಂದ ಅವನ ಜೊತೆಗೇ ಊಟಕ್ಕೆ ಕೂರುತ್ತಿತ್ತು. ಈ ಸಲ ಅವಳ ಕೋಲು ತನ್ನ ಕೈಯಿಂದಲೇ ಭದ್ರವಾಗಿ ಆ ಊರು ಮುಟ್ಟಬೇಕು, ಆಗಲೇ ಮನಸ್ಸಿಗೆ ನೆಮ್ಮದಿ ಎಂದು ಅವನು ಹಠ ಹಿಡಿದಿದ್ದ.

ಹಠ ಹಿಡಿದವನು ಅರೆಮನಸ್ಸಿನಿಂದ ಕೆಲಸ ಮಾಡುತ್ತಾನೆಯೇ? ಅಂದೇ ಹೋಗಿ ಮೂರಿಂಚಿನ ದಪ್ಪ ಪಿವಿಸಿ ಪೈಪು ತಂದ. ಅಳತೆಗೆ ಸರಿಯಾಗಿ ಅಂಗಡಿಯಲ್ಲೇ ಯಂತ್ರದಲ್ಲಿ ಕೊಯ್ಸಿಕೊಂಡು ಬಂದ.

"ಏನ್ರೀ, ಪೈಪು ಅಂಗಡೀಲಿ ಕೊಯ್ಸೋಕೆ ಶುರು ಮಾಡಿದೀರಾ? ಮನೇಲಿ ಗರಗಸ ಇಲ್ವಾ?" ಎಂದು ಹೆಂಡತಿ ಕೇಳಿದಳು.

"ಅಲ್ಲಿ ಯಂತ್ರ ಸುಮ್ನೆ ನಿಂತಿತ್ತು," ಎಂದು ಪೈಪಣ್ಣ ಶೆಡ್ಡಿನೊಳಗೆ ನುಗ್ಗಿದ. ಹೆಂಡತಿಯ ಹುಬ್ಬು ಕೆಳಗಿಳಿಯಲು ಸ್ವಲ್ಪ ಸಮಯ ಹಿಡಿಯಿತು.

ಬಿಸಿನೀರಿನ ಪೈಪು ಆರದಿರಲಿ ಎಂದು ಸುತ್ತ ತೊಡಿಸುವ ಕಪ್ಪು ಫೋಮಿನ ತೋಳುಗಳಿವೆಯಲ್ಲ, ಅವನ್ನು ಕೋಲಿನ ಎರಡೂ ತುಂಡುಗಳಿಗೆ ತೊಡಿಸಿದ. ಅಂಗಿ ಹೊಲಿಸಿದ ಹಾಗೆ ಕೂತವು. ಎರಡನ್ನೂ ಒಂದರ ತಲೆಗೆ ಇನ್ನೊಂದರ ಬುಡ ಬರುವಂತೆ ಪೈಪಿನೊಳಗೆ ಒತ್ತಿ ಸೇರಿಸಿದ. ಪೈಪನ್ನು ಬೇಕೆಂದೇ ಒಂದು ಬೆರಳು ಗಿಡ್ಡ ಇಟ್ಟಿದ್ದ. ಮುಚ್ಚಳ ತೆಗೆದಾಗ ತುಂಡುಗಳ ತುದಿ ಹೊರಗೆ ಇಣುಕುತ್ತಿದ್ದರೆ ಬೆರಳಿನಲ್ಲಿ ಹಿಡಿದು ಎಳೆಯಬಹುದು. ಮುಚ್ಚಿದಾಗ ಆ ತುದಿಗಳು ಮುಚ್ಚಳದ ಗುಂಡಿಯೊಳಗೆ ಹೋಗಿ ಕೂರುತ್ತವೆ. ಒಂದು ಕಡೆಯ ಮುಚ್ಚಳಕ್ಕೆ ಸಲ್ಯೂಷನ್ ಹಚ್ಚಿ ಖಾಯಂ ಆಗಿ ಅಂಟಿಸಿದ. ಇನ್ನೊಂದು ಕಡೆಯದು ತೆಗೆದು ಹಾಕುವ ಮುಚ್ಚಳ. ಅದು ಬಿಗಿಯಾಗಿದ್ದ ಕಾರಣ ಒಳಮೈಯನ್ನು ಉಪ್ಪುಕಾಗದದಿಂದ ಸವೆಸುತ್ತ ಕೂತ. ಹೆಗಲಿಗೆ ಹಾಕಲು ತನ್ನ ಹಳೆಯ ಸಾಮಾನಿನ ಚೀಲದ ಪಟ್ಟಿ ಕಳಚಿ ಜೋಡಿಸಿದ. ಬುಧವಾರ, ಗುರುವಾರ ಹೀಗೇ ಕಳೆದವು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಉಳಿದಿದ್ದದ್ದು ಮುಚ್ಚಳವನ್ನು ಕೊನೆಯ ಸಲ ಉಜ್ಜಿ ಸಡಿಲ ನೋಡುವುದು ಮಾತ್ರ. ಬಸ್ಸು ನಾಲ್ಕು ಗಂಟೆಗೆ. ಮಗಳು ಅರ್ಧ ದಿನದ ರಜೆ ಹಾಕಿ ಒಂದೂವರೆಗೆ ಬರುವವಳಿದ್ದಳು.

ಹನ್ನೆರಡೂವರೆಗೆ ಫೋನು ಬಂತು. ಎದುರು ಬೀದಿಯ ಮೂರನೇ ಮಹಡಿಯ ಮೇಷ್ಟ್ರು. ಅವರ ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ನೀರು ಹಾರುತ್ತಿದೆಯಂತೆ, ಮುಖ್ಯ ವಾಲ್ವು ಎಲ್ಲಿದೆ ಎಂದು ಗೊತ್ತಿಲ್ಲವಂತೆ. ಪೈಪಣ್ಣ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿ ಉಜ್ಜುವ ಕೆಲಸ ಮುಂದುವರಿಸುತ್ತಲೇ ಮಾತಾಡಿದ.

"ಬಾಗಿಲ ಹಿಂದೆ ನೋಡಿ ಮೇಷ್ಟ್ರೇ. ಅದಲ್ಲ, ಅದು ಗ್ಯಾಸಿಂದು, ಮುಟ್ಬೇಡಿ! ಕೆಂಪು ಹಿಡಿ ಇದ್ಯಲ್ಲ... ಹಾಂ. ಬಲಕ್ಕೆ ತಿರುಗ್ಸಿ. ನಿಮ್ಮ ಬಲಕ್ಕೆ."

ಉಜ್ಜಿದ್ದಾಯಿತು. ಪೈಪಣ್ಣನ ಕೈ ಮುಚ್ಚಳದ ಒಳಮೈಯನ್ನು ಬಟ್ಟೆಯಲ್ಲಿ ಒರೆಸಿತು. ಇಲ್ಲಿ ಒಂದು ವಿಷಯ ಹೇಳಬೇಕು. ಪ್ಲಂಬರನ ಲೋಕದಲ್ಲಿ ಪೈಪನ್ನು ಉಜ್ಜುವುದು ಒಂದೇ ಕಾರಣಕ್ಕೆ: ಉಜ್ಜಿ, ಒರೆಸಿ, ಸಲ್ಯೂಷನ್ ಹಚ್ಚಿ, ಒತ್ತಿ, ಕಾಲು ಸುತ್ತು ತಿರುಗಿಸಿ, ಮೂವತ್ತು ಎಣಿಸುವವರೆಗೆ ಕೈಬಿಡದೆ ಹಿಡಿಯಬೇಕು. ಮೂವತ್ತೆಂಟು ವರ್ಷ ಈ ಕೈ ಈ ಪಾಠವನ್ನು ಒಮ್ಮೆಯೂ ತಪ್ಪಿಸಿಲ್ಲ. ಮೇಷ್ಟ್ರು ಅತ್ತ ಬಲಕ್ಕೆ ತಿರುಗಿಸುತ್ತಿದ್ದರು, ಇತ್ತ ಕೈ ತಾನಾಗಿ ಡಬ್ಬಿ ತೆರೆಯಿತು, ಕುಂಚ ಅದ್ದಿತು, ಮುಚ್ಚಳಕ್ಕೊಂದು ಸುತ್ತು, ಪೈಪಿಗೊಂದು ಸುತ್ತು ಬಳಿಯಿತು, ಒತ್ತಿತು, ಕಾಲು ಸುತ್ತು ತಿರುಗಿಸಿತು. ಮೇಷ್ಟ್ರು "ನಿಂತೋಯ್ತು, ನಿಂತೋಯ್ತು!" ಎಂದು ಕೂಗಿದರು. ಪೈಪಣ್ಣ ಮನಸ್ಸಿನಲ್ಲೇ ಎಣಿಸುತ್ತಿದ್ದ. ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು.

ಇಪ್ಪತ್ತಾರಕ್ಕೆ ಎಣಿಕೆ ನಿಂತುಬಿಟ್ಟಿತು.

ಫೋನು ನೆಲಕ್ಕೆ ಬಿತ್ತು. ಮುಚ್ಚಳವನ್ನು ತಿರುಚಿದ, ಎಳೆದ, ಪೈಪನ್ನು ಎರಡು ಕಾಲಿನ ನಡುವೆ ಅವುಚಿ ಹಲ್ಲು ಕಚ್ಚಿ ಎಳೆದ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತಾನು ಕೂರಿಸಿದ ಮುಚ್ಚಳ ಇವತ್ತಿನವರೆಗೆ ಒಂದೂ ಬಿಟ್ಟಿಲ್ಲ ಎಂದು ಪೈಪಣ್ಣ ಊರೆಲ್ಲ ಹೇಳಿಕೊಂಡು ತಿರುಗಿದವನು. ಅದು ಜಂಬದ ಮಾತಲ್ಲ, ನಿಜವಾದ ಮಾತೇ. ಕೋಲು ಒಳಗಿತ್ತು, ಎರಡೂ ಕಡೆ ಖಾಯಂ ಬೀಗ ಬಿದ್ದಿತ್ತು.

ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಗಂಡನ ಮುಖ ನೋಡಿದಳು, ಪೈಪು ನೋಡಿದಳು, ತೆರೆದಿದ್ದ ಡಬ್ಬಿ ನೋಡಿದಳು. ಮೂವತ್ತೆಂಟು ವರ್ಷದ ಪ್ಲಂಬರನ ಹೆಂಡತಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಯ್ಯೋ ದೇವ್ರೇ," ಎಂದು ಅಲ್ಲೇ ಹೊಸ್ತಿಲ ಮೇಲೆ ಕುಸಿದಳು. "ಬಿಸಿ ಮಾಡಿದ್ರೆ ಬಿಡಲ್ವಾ? ಅವತ್ತು ಪಕ್ಕದ್ಮನೆದು ಬೆಂಕಿ ತೋರ್ಸಿ ಬಿಡಿಸಿದ್ರಲ್ಲ?"

"ಬಿಸಿ?" ಪೈಪಣ್ಣ ಅವಳತ್ತ ನೋಡಿದ. "ಮತ್ತೆ ಬಿಸಿನಾ?"

ಅವಳು ನಾಲಿಗೆ ಕಚ್ಚಿಕೊಂಡಳು. ಹೋದ ಸಲ ಕೋಲು ಬಾಗಿದ್ದು ಬಿಸಿಗೇ.

ಒಂದೂವರೆಯವರೆಗಿನ ಆ ಹೊತ್ತು ಪೈಪಣ್ಣನಿಗೆ ಒಂದು ವರ್ಷದಷ್ಟು ಉದ್ದವಾಯಿತು. ಮೋಟರಿನ ಗರಗಸ ತರೋಣವೆಂದರೆ ಅದೂ ಸುಡುತ್ತದೆ, ಮೇಲಾಗಿ ಕುಣಿಯುತ್ತದೆ. ಮನೆಯಲ್ಲಿದ್ದ ಪೈಪು ಕತ್ತರಿ ಒಂದೂವರೆ ಇಂಚಿನ ಪೈಪಿಗಿಂತ ದಪ್ಪದ್ದನ್ನು ಬಾಯಲ್ಲಿ ಹಿಡಿಯುವುದಿಲ್ಲ. ಉಳಿದದ್ದು ಕೈಗರಗಸ. ಪೈಪಿನ ಗೋಡೆ ಮೂರು ಮಿಲಿಮೀಟರು, ಅದರಾಚೆ ಬೆಣ್ಣೆಯಂಥ ಫೋಮು, ಫೋಮಿನಾಚೆ ಕೋಲು. ಎಲ್ಲಿ ಕೊಯ್ದರೂ ಕೆಳಗೆ ಕೋಲಿದೆ. ಗೋಡೆ ಮುಗಿದ ಕ್ಷಣವೇ ಗರಗಸ ನಿಲ್ಲಬೇಕು, ಒಂದು ಎಳೆತ ಹೆಚ್ಚಾದರೆ ಮುಗಿಯಿತು. ಒಂದು ಗಳಿಗೆ ಕೆಟ್ಟ ಯೋಚನೆಯೂ ಬಂತು: ಏನೂ ಹೇಳದೆ ಹೆಗಲಿಗೆ ಹಾಕಿ ಕಳಿಸಿಬಿಟ್ಟರೆ? ಅಲ್ಲಿ ಹೋಗಿ ಎಳೆದಾಗ ಬಿಗಿಯಾಗಿದೆ ಎಂದು ಗೊತ್ತಾಗುತ್ತದೆ, ಅಲ್ಲಿ ಯಾರಾದರೂ ತೆಗೆಯುತ್ತಾರೆ. ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಗಳು ಬಂದಳು. ಚಪ್ಪಲಿ ಕಳಚುವ ಮೊದಲೇ ಪೈಪಣ್ಣ ಹೇಳಿಬಿಟ್ಟ.

"ಮರಿ, ನಾನು ಮುಚ್ಚಳ ಅಂಟಿಸ್ಬಿಟ್ಟೆ. ಎರಡೂ ಕಡೆ. ಕೋಲು ಒಳಗಿದೆ."

ಮಗಳು ಪೈಪನ್ನು ಎತ್ತಿ ಒಮ್ಮೆ ಅಲ್ಲಾಡಿಸಿದಳು, ಕಿವಿಗಿಟ್ಟುಕೊಂಡಳು. ಒಳಗೆ ಚೂರೂ ಸದ್ದಿರಲಿಲ್ಲ. ಅಷ್ಟು ಚೆನ್ನಾಗಿ ಕೂರಿಸಿದ್ದ. ಪೈಪಣ್ಣ ಅವಳ ತುಟಿಯನ್ನೇ ನೋಡುತ್ತಿದ್ದ. ಮತ್ತೆ ಅದೇ ಮೌನ ಬಂತು, ಇನ್ನು ಎರಡು ವರ್ಷ ಅಲ್ಲ, ಸಾಯುವವರೆಗೆ ಎಂದುಕೊಂಡ.

"ಎಷ್ಟು ಎಣಿಸ್ದೆ?" ಎಂದು ಮಗಳು ಕೇಳಿದಳು.

"ಇಪ್ಪತ್ತಾರು."

"ಇನ್ನೂ ನಾಲ್ಕು ಬಾಕಿ ಉಳೀತಲ್ಲ ಅಪ್ಪ. ಕೆಲಸ ಅರ್ಧಕ್ಕೆ ಬಿಡೋನಲ್ಲ ನೀನು."

ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು, ಆದರೆ ನಗುತ್ತಿದ್ದಳು. ಪೈಪಣ್ಣ ಅಳಬೇಕೋ ನಗಬೇಕೋ ತಿಳಿಯದೆ ಗರಗಸಕ್ಕೆ ಹೊಸ ಬ್ಲೇಡು ಹಾಕಲು ಹೊರಟ. ಮುಚ್ಚಳದ ಕುತ್ತಿಗೆಯ ಕೆಳಗೆ ಸುತ್ತಲೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಎಳೆದ. ಪೈಪನ್ನು ಶೆಡ್ಡಿನ ಕಟ್ಟೆಯ ಮೇಲೆ ಬಟ್ಟೆ ಹಾಸಿ ಮಲಗಿಸಿ, ಗರಗಸವನ್ನು ಗೆರೆಯ ಮೇಲಿಟ್ಟ. ಬ್ಲೇಡು ಗೆರೆಯ ಮೇಲೆ ಕಟಕಟ ಎಂದು ಕುಣಿಯಿತು. ಅವನು ಕೈ ತೆಗೆದು, ಬೆವರು ಒರೆಸಿಕೊಂಡಂತೆ ಮಾಡಿ ಮತ್ತೆ ಇಟ್ಟ. ಮತ್ತೆ ಕಟಕಟ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಎರಡೂ ಕೈ ಸೇರಿ ನಡುಗಿದವು.

ಒಂದು ವರ್ಷದಿಂದ ಹೀಗೆಯೇ ಆಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಸಣ್ಣ ಪೈಪನ್ನು ಕತ್ತರಿಯಲ್ಲಿ, ದೊಡ್ಡದನ್ನು ಅಂಗಡಿಯ ಯಂತ್ರದಲ್ಲಿ ಕೊಯ್ಸಿ ಕಾಲ ತಳ್ಳುತ್ತಿದ್ದ. ಕೈಗರಗಸ ಹಿಡಿದರೆ ಊರಿನಲ್ಲಿ ತನ್ನಷ್ಟು ನೇರ ಕೊಯ್ಯುವವನಿಲ್ಲ ಎನ್ನಿಸಿಕೊಂಡವನಿಗೆ ಇದನ್ನು ಬಾಯಿಬಿಟ್ಟು ಹೇಳುವುದು ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತ ಹಾಗೆ.

"ಕೊಡಪ್ಪ ಇಲ್ಲಿ," ಎಂದು ಮಗಳು ಗರಗಸದ ಹಿಡಿಗೆ ಕೈಹಾಕಿದಳು.

"ಬ್ಲೇಡು ಹೊಸದು, ಅದಕ್ಕೇ ಸ್ವಲ್ಪ..."

"ಟೀ ಲೋಟ ಎರಡು ಕೈಯಲ್ಲಿ ಹಿಡೀತಿದೀಯ ನೀನು ಈಗೀಗ. ನಂಗೆ ಕಣ್ಣಿಲ್ವಾ? ದಿನಾ ಊರೋರ ಕನ್ನಡಕ ಉಜ್ತೀನಿ." ಅವಳ ದನಿ ಮೆತ್ತಗಿತ್ತು. "ಬಂದ್ಮೇಲೆ ಡಾಕ್ಟರ ಹತ್ರ ಹೋಗೋಣ. ಈಗ ಪೈಪು ಹಿಡ್ಕೋ. ನಾನು ಕೊಯ್ತೀನಿ, ನೀನು ತಿರುಗಿಸು."

ಬಾಗಿಲಲ್ಲಿದ್ದ ಅವಳಮ್ಮ ಮುಖ ಆಚೆ ತಿರುಗಿಸಿದಳು. ಅವಳಿಗೂ ಗೊತ್ತಿತ್ತು ಎಂಬುದು ಪೈಪಣ್ಣನಿಗೆ ಆಗ ಹೊಳೆಯಿತು. ಮನೆಯಲ್ಲಿ ಗುಟ್ಟು ಇಟ್ಟುಕೊಂಡಿದ್ದೇನೆ ಎಂದು ತಿಳಿದಿದ್ದವನು ಅವನೊಬ್ಬನೇ.

ಮಗಳು ಕಾಲು ಅಗಲಿಸಿ ನಿಂತಳು. ಒಂದು ಕಾಲು ಮುಂದೆ, ಒಂದು ಹಿಂದೆ. ಸೊಂಟ ಬಗ್ಗಿಸಿ, ಗಲ್ಲವನ್ನು ಗರಗಸದ ನೇರಕ್ಕೆ ಇಳಿಸಿ, ಒಂದು ಉಸಿರು ಬಿಟ್ಟಳು. ಆಮೇಲೆ ಎಳೆದಳು. ಭುಜ ಅಲುಗಲಿಲ್ಲ. ಮಣಿಕಟ್ಟು ಅಲುಗಲಿಲ್ಲ. ಮೊಣಕೈಯಿಂದ ಕೆಳಗಿನ ಕೈ ಮಾತ್ರ ಬಾಗಿಲಿನ ಕೀಲಿನ ಹಾಗೆ ಮುಂದೆ ಹೋಯಿತು, ಹಿಂದೆ ಬಂತು. ಗರಗಸ ದಾರ ಹಿಡಿದ ಹಾಗೆ ಗೆರೆಯ ಮೇಲೆ ಸಾಗಿತು. ಬಿಳಿಯ ಪುಡಿ ಬಟ್ಟೆಯ ಮೇಲೆ ಉದುರಿತು.

ಪೈಪಣ್ಣನ ಕಿವಿ ಎದ್ದು ನಿಂತಿತು. ಕೈ ಹೋಗಿದ್ದರೇನು, ಕಿವಿ ಇನ್ನೂ ಇತ್ತಲ್ಲ. ಗೋಡೆ ಕೊಯ್ಯುವಾಗ ಗರಗಸದ ಸದ್ದು ಒಣಗಿ ಗರಗರ ಎನ್ನುತ್ತದೆ, ಗೋಡೆ ದಾಟಲು ಒಂದು ಎಳೆತ ಬಾಕಿಯಿರುವಾಗ ಆ ಸದ್ದು ಟೊಳ್ಳಾಗುತ್ತದೆ. ಆ ವ್ಯತ್ಯಾಸ ಹೊರಗಿನವರಿಗೆ ಕೇಳುವುದೇ ಇಲ್ಲ.

"ಸಾಕು!"

ಗರಗಸ ನಿಂತಿತು. ಅವನು ಪೈಪನ್ನು ಎರಡು ಬೆರಳಷ್ಟು ತಿರುಗಿಸಿದ. ಅವಳು ಮತ್ತೆ ಎಳೆದಳು.

"ಸಾಕು."

ತಿರುಗಿಸುವುದಕ್ಕೆ ನಡುಗುವ ಕೈಯಾದರೂ ನಡೆಯುತ್ತದೆ. ಮೂರನೆಯ ಸಲ, ನಾಲ್ಕನೆಯ ಸಲ. ಶೆಡ್ಡಿನಲ್ಲಿ ಗರಗಸದ ಸದ್ದು, ಅವನ "ಸಾಕು", ಅದು ಬಿಟ್ಟರೆ ಬೇರೆ ಮಾತಿಲ್ಲ. ಐದನೆಯ ಸಲ ಅವಳು ತನ್ನಷ್ಟಕ್ಕೆ ಏನೋ ಗೊಣಗುತ್ತಿರುವುದು ಅವನಿಗೆ ಕೇಳಿಸಿತು.

"ಮೊಣಕೈ ಮಾತ್ರ. ಭುಜ ಮಲಗಿರ್ಬೇಕು. ಅವಸರ ಗರಗಸಕ್ಕೆ ಬೇಡ."

ಪೈಪಣ್ಣನ ಕೈ ಪೈಪಿನ ಮೇಲೆ ಹಾಗೇ ನಿಂತಿತು. "ಅದು ಯಾರು ಹೇಳ್ಕೊಟ್ರು ನಿಂಗೆ?"

"ಯಾವ್ದು?"

"ಈಗ ಹೇಳಿದ್ಯಲ್ಲ, ಅದು."

ಮಗಳು ಆಶ್ಚರ್ಯದಿಂದ ತಲೆಯೆತ್ತಿದಳು. "ನೀನೇ ಅಲ್ವಾ? ಚಿಕ್ಕೋಳಿದ್ದಾಗ ಪೈಪಿನ ಆ ತುದಿ ಹಿಡ್ಕೊಂಡು ಕೂತ್ಕೋ ಅಂತಿದ್ದೆ. ನೀನು ಕೊಯ್ತಾ ಇದ್ದೆ, ಇದನ್ನೇ ಹೇಳ್ತಾ ಇದ್ದೆ. ನಾನು ಮೇಲಿನ ಮಹಡೀಲಿ ಮೊದಲ್ನೇ ದಿನ ಕ್ಯೂ ಹಿಡಿದಾಗ ಅಲ್ಲಿನೋರು ಕೇಳಿದ್ರು, ಎಲ್ಲಿ ಕಲಿತು ಬಂದೆ, ಕೈ ಇಷ್ಟು ನೇರ ಹೋಗತ್ತೆ ಅಂತ. ನಮ್ಮಪ್ಪ ಪ್ಲಂಬರ್ ಅಂದೆ. ಅವ್ರಿಗೆ ಅರ್ಥ ಆಗ್ಲಿಲ್ಲ."

ಈ ಆಟ ಯಾವುದೋ ಕೆಲಸವಿಲ್ಲದವರ ಸಹವಾಸದಿಂದ ಮನೆಗೆ ಬಂದದ್ದು ಎಂದು ಪೈಪಣ್ಣ ಇಷ್ಟು ವರ್ಷ ನಂಬಿದ್ದ. ಮೂಗು ಮುರಿಯುತ್ತಿದ್ದ. ಒಂದು ಸಲವೂ ಮೆಟ್ಟಿಲು ಹತ್ತಿ ಹೋಗಿ ನೋಡಿರಲಿಲ್ಲ. ಅದು ಹುಟ್ಟಿದ್ದು ಇದೇ ಶೆಡ್ಡಿನಲ್ಲಿ, ಇದೇ ಕಟ್ಟೆಯ ಮೇಲೆ, ತನ್ನದೇ ಕೈ ನೋಡಿ. ತನ್ನ ಕೈ ಸೋತಿದೆ ಎಂದು ವರ್ಷದಿಂದ ಒಳಗೊಳಗೇ ಕೊರಗುತ್ತಿದ್ದನಲ್ಲ, ಆ ಕೈ ಎದುರಿಗೇ ನಿಂತು ಗರಗಸ ಎಳೆಯುತ್ತಿತ್ತು. ಅವನಿಗೆ ತುಂಬ ಸಂತೋಷವಾಯಿತು, ಅಷ್ಟೇ ನಾಚಿಕೆಯೂ ಆಯಿತು.

"ತಿರುಗ್ಸಪ್ಪ," ಎಂದಳು ಮಗಳು.

ಎಂಟನೆಯ "ಸಾಕು" ಹೇಳಿದಾಗ ಮುಚ್ಚಳ ತನ್ನ ತುಂಡು ಪೈಪಿನ ಸಮೇತ ಕಳಚಿ ಬಟ್ಟೆಯ ಮೇಲೆ ಉರುಳಿತು. ಮಗಳು ಎರಡು ತುಂಡುಗಳನ್ನೂ ಹೊರಗೆಳೆದು ಫೋಮಿನ ಅಂಗಿ ಬಿಚ್ಚಿದಳು. ಫೋಮಿನ ಮೇಲೆ ಒಂದು ಕಡೆ ಕೂದಲೆಳೆಯ ಗೀರಿತ್ತು. ಕೋಲಿನ ಮೇಲೆ ಏನೂ ಇರಲಿಲ್ಲ. ಅವಳು ಎರಡನ್ನೂ ತಿರುಪಿ ಜೋಡಿಸಿ, ಕಟ್ಟೆಯ ಮೇಲೆ ಉರುಳಿಸಿದಳು. ಕೋಲು ಸದ್ದಿಲ್ಲದೆ ನೇರವಾಗಿ ಉರುಳಿಕೊಂಡು ಹೋಗಿ ಅಪ್ಪನ ಕೈಗೆ ತಾಗಿ ನಿಂತಿತು.

ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು.

"ಬಸ್ ಸ್ಟ್ಯಾಂಡಿಗೆ ಹೋಗೋ ದಾರೀಲೇ ಆ ಅಂಗಡಿ ಇದೆ," ಎಂದ ಪೈಪಣ್ಣ. "ಆ ಪೆಟ್ಟಿಗೇನೇ ತಗೋ ಮರಿ. ನೀನು ಅದರ ಮೇಲೆ ಕೈ ಇಟ್ಟಿದ್ದು ನಾನು ನೋಡ್ದೆ. ನೋಡಿಯೂ ಸುಮ್ನಿದ್ದೆ."

ಮಗಳು ಮುಚ್ಚಳ ಹೋದ ಪೈಪನ್ನು ಎತ್ತಿಕೊಂಡಳು. "ಬೀಗ ಹಾಕಿದ್ರೆ ಗರಗಸ ತಂದೇ ತೆಗೀಬೇಕು, ಅಷ್ಟು ಭದ್ರ. ಇಂಥದ್ದು ಆ ಅಂಗಡೀಲಿ ಸಿಗತ್ತಾ? ಇನ್ನೊಂದು ಮುಚ್ಚಳ ಇದ್ಯಾ ಹೇಳು."

ಇರಲಿಲ್ಲವೇ? ಶೆಡ್ಡಿನ ತುಂಬ ಅದೇ ಇತ್ತು. ಕೊಯ್ದದ್ದರಿಂದ ಪೈಪು ಈಗ ಮೂರು ಬೆರಳು ಗಿಡ್ಡವಾಗಿತ್ತು, ಕೋಲಿನ ತುದಿಗಳು ಇನ್ನಷ್ಟು ಹೊರಗೆ ಚಾಚಿದ್ದವು. ಪೈಪಣ್ಣ ಒಂದು ಗೇಣು ಪೈಪಿನ ತುಂಡು ಹುಡುಕಿದ, ಎರಡು ಪೈಪುಗಳನ್ನು ಕೂಡಿಸುವ ಕಪ್ಲಿಂಗ್ ಹುಡುಕಿದ. ತುಂಡಿನ ಒಂದು ತುದಿಗೆ ಮುಚ್ಚಳ, ಇನ್ನೊಂದು ತುದಿಗೆ ಕಪ್ಲಿಂಗಿನ ಅರ್ಧ. ಉಳಿದ ಅರ್ಧ ಉದ್ದ ಟೊಪ್ಪಿಗೆಯ ಹಾಗೆ ಕೋಲಿನ ಪೈಪಿನ ಮೇಲೆ ಕೂರಬೇಕು. ಸಲ್ಯೂಷನ್ ಡಬ್ಬಿಯನ್ನು ಹೆಂಡತಿ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು.

"ಎಲ್ಲಿ ಎಲ್ಲಿ ಹಚ್ಬೇಕು, ಮೊದ್ಲು ಬಾಯಲ್ಲಿ ಹೇಳಿ," ಎಂದಳು.

"ಇಲ್ಲಿ, ಇಲ್ಲಿ."

"ಮತ್ತೆ ಇಲ್ಲಿ?"

"ಅಲ್ಲಿ ಬೇಡ ಮಾರಾಯ್ತಿ, ಅಲ್ಲಿ ಬೇಡ!"

ಎರಡು ಕಡೆ ಹಚ್ಚಿ, ಎರಡು ಸಲ ಮೂವತ್ತು ಎಣಿಸಿದ್ದಾಯಿತು. ಮೂವರೂ ಗಟ್ಟಿಯಾಗಿ ಎಣಿಸಿದರು. ಅಂಟಿಸದೆ ಬಿಟ್ಟ ಅರ್ಧದ ಒಳಗೆ ಮಗಳು ಮೇಣದಬತ್ತಿ ಉಜ್ಜಿದಳು. ಉದ್ದ ಟೊಪ್ಪಿಗೆ ಸೊಗಸಾಗಿ ಕೂತಿತು, ಎಳೆದರೆ ಪುಸಕ್ಕೆಂದು ಬಂತು. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಎಂದು ಪೈಪಣ್ಣನಿಗೆ ಅನ್ನಿಸಿತು, ಆದರೆ ಹಾಗೆ ಹೇಳುವ ಮುಖ ಅವನಿಗೆ ಅಂದು ಇರಲಿಲ್ಲ.

ಮೂರೂಕಾಲಿಗೆ ಮಗಳು ಬಟ್ಟೆಬರೆಯ ಚೀಲ ಒಂದು ಹೆಗಲಿಗೂ ಪೈಪು ಇನ್ನೊಂದು ಹೆಗಲಿಗೂ ಹಾಕಿಕೊಂಡು ಬಾಗಿಲಿಗೆ ಬಂದಳು. ಚಪ್ಪಲಿ ಮೆಟ್ಟಿದಳು. ಹೊರಟವಳು ತಿರುಗಿ ನಿಂತಳು.

"ಅಪ್ಪ, ನೀನೂ ಬಾ."

"ನಾನಾ? ನಾನು ಅಲ್ಲಿ ಏನ್ ಮಾಡ್ಲಿ? ಆಟದ ತಲೆ ಬುಡ ಗೊತ್ತಿಲ್ಲ ನಂಗೆ."

"ಅಲ್ಲಿ ಇದು ಬಿಗಿಯಾದ್ರೆ ಯಾರು ತೆಗೀತಾರೆ? ಯಾವಾಗ ನಿಲ್ಲಿಸ್ಬೇಕು ಅಂತ ಯಾರು ಹೇಳ್ತಾರೆ?"

ಬಿಗಿಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೆಂಡತಿ ಒಳಗೆ ಹೋಗಿ ಒಂದು ಅಂಗಿ, ಒಂದು ಪಂಚೆ, ಹಲ್ಲುಜ್ಜುವ ಬ್ರಷ್ಷು ತುಂಬಿದ ಕೈಚೀ‌ಲವನ್ನು ತಂದು ಗಂಡನ ಕೈಗಿಟ್ಟಳು. ಅಷ್ಟು ಬೇಗ ತುಂಬಿದ್ದು ಹೇಗೆ ಎಂದು ಅವನು ಕೇಳಲಿಲ್ಲ. ಫೋನಿನಲ್ಲಿ ಮೇಷ್ಟ್ರು ನಾಲ್ಕು ಸಲ ಕರೆದಿದ್ದರು. ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಆ ಕೆಂಪು ಹಿಡಿ ಮುಟ್ಟಬೇಡಿ ಎಂದು ದಾರಿಯಲ್ಲೇ ಹೇಳಿ ಮುಗಿಸಿದ.

ಬಸ್ಸಿನ ಕಂಡಕ್ಟರು ಪೈಪನ್ನು ನೋಡಿ, ಪ್ಲಂಬಿಂಗ್ ಸಾಮಾನು ಮೇಲೆ ಹಾಕಿ ಎಂದ. ಮಗಳು ಕೇಳಿಸದವಳ ಹಾಗೆ ಒಳಗೆ ಹತ್ತಿದಳು. ಕಿಟಕಿಯ ಪಕ್ಕ ಕೂತು, ಹೆಗಲಿನಿಂದ ಪಟ್ಟಿ ಇಳಿಸಿ, ಪೈಪನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿದಳು.

"ಹಿಡ್ಕೊಂಡಿರು. ನಾನು ಸ್ವಲ್ಪ ನಿದ್ದೆ ಮಾಡ್ತೀನಿ. ನಾಳೆ ಹತ್ತಕ್ಕೆ ಆಟ."

ಹೇಳಿ, ಕಣ್ಣು ಮುಚ್ಚಿ, ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಪೈಪಣ್ಣ ಎರಡೂ ಕೈಯಿಂದ ಪೈಪನ್ನು ಹಿಡಿದುಕೊಂಡ. ಭುಜ ಅಲುಗದಂತೆ ನೋಡಿಕೊಂಡ. ಎಂಜಿನ್ನು ಚಾಲೂ ಆಯಿತು. ಕಿಟಕಿಯ ಗಾಜು ನಡುಗಿತು, ಮುಂದಿನ ಸೀಟಿನ ಕಂಬಿ ನಡುಗಿತು, ಆ ಕಂಬಿ ಹಿಡಿದವರ, ಟಿಕೆಟು ಹರಿಯುವ ಕಂಡಕ್ಟರನ, ಬಸ್ಸಿನಲ್ಲಿದ್ದ ಎಲ್ಲರ ಕೈಗಳೂ ನಡುಗಿದವು. ಪೈಪಣ್ಣ ತನ್ನ ಕೈಯನ್ನು ಒಂದು ವರ್ಷದ ಮೇಲೆ ಮೊದಲ ಸಲ ಧೈರ್ಯವಾಗಿ ನೋಡಿಕೊಂಡ.